ಅಂತರದ ಪಣ ಮತ್ತು ಶ್ರಾವಕನ ಅಳತೆ

ನಮ್ಮ ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲು ಹೇಳುವುದು ವಾಡಿಕೆ. ಮಾಂಸ, ಮದ್ಯ, ಬೇಟೆ, ಕಳವುಗಳಿಗಿಂತ ಮುಂದಾಗಿ ಜೂಜಿಗೆ ಈ ಅಗ್ರಸ್ಥಾನವೇಕೆ? ಹಣ ಹೋಗುತ್ತದೆ, ಮನೆ ಮುರಿಯುತ್ತದೆ ಎಂದು ಉತ್ತರಿಸಿ ಸುಮ್ಮನಾಗುತ್ತೇವೆ. ಈ ಉತ್ತರ ಸಾಲದೆಂಬುದು ನನಗೆ ಮನವರಿಕೆಯಾದದ್ದು ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ, ಬಂಧುಗಳ ಮನೆಯ ಮದುವೆಗೆ ಹೋಗಿದ್ದಾಗ.

ಅಲ್ಲಿ ಪದವೀಧರ ತರುಣನೊಬ್ಬ ತನ್ನ ಪಕ್ಷವನ್ನು ವಿನಯದಿಂದಲೇ ಮಂಡಿಸಿದ. ತಾನು ಸೋಲುಗೆಲುವಿನ ಮೇಲೆ ಪಣ ಕಟ್ಟುವವನಲ್ಲ. ಆರು ಓವರುಗಳಲ್ಲಿ ಐವತ್ತು ರನ್ನು ಆದೀತೇ, ಆಗದೇ ಎಂಬುದರ ಮೇಲೆ ಮಾತ್ರ. ಇದರಲ್ಲಿ ಎರಡೂ ಕಡೆಗೆ ಸಮಾನ ಅವಕಾಶವಿದೆ. ಇದು ಅದೃಷ್ಟವಲ್ಲ, ತಿಳಿವಳಿಕೆ. ಒಪ್ಪಿ ಕೊಟ್ಟವರ ಹಣವಾದ್ದರಿಂದ ಯಾರಿಗೂ ಅನ್ಯಾಯವಿಲ್ಲ. ಈ ಮೂರು ವಾದಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ.

ಬುಕ್ಕಿಗಳು 'ಸೆಷನ್' ಎಂದು ಕರೆಯುವ ಈ ಪಣದ ಹಿರಿಯಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲಿನ ಕಾಲೇಜು ಫುಟ್‌ಬಾಲ್ ಪಂದ್ಯಗಳಲ್ಲಿ ಬಲಿಷ್ಠ ತಂಡವೇ ಗೆಲ್ಲುವುದೆಂದು ಎಲ್ಲರಿಗೂ ತಿಳಿದಿರುವಾಗ ಪಣಕ್ಕೆ ಎದುರಾಳಿ ಸಿಗುವುದಿಲ್ಲ. ಆದ್ದರಿಂದ ಪಣ ನಡೆಸುವವನು ಒಂದು ಅಂತರವನ್ನು ಗೊತ್ತುಪಡಿಸುತ್ತಾನೆ: ಬಲಿಷ್ಠ ತಂಡ ಏಳು ಅಂಕಗಳಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದರೆ ಒಬ್ಬನಿಗೆ ಲಾಭ, ಅದಕ್ಕಿಂತ ಕಡಿಮೆಯಾದರೆ ಇನ್ನೊಬ್ಬನಿಗೆ. ತೋರಿಕೆಗೆ ಇದು ತಕ್ಕಡಿಯ ತಟ್ಟೆಗಳನ್ನು ಸಮಗೊಳಿಸುವ ಕ್ರಮ. ಆದರೆ ಲೆಕ್ಕ ನೋಡಿ. ಅಲ್ಲಿ ನೂರು ಡಾಲರು ಗೆಲ್ಲಲು ನೂರಹತ್ತು ಡಾಲರು ಒಡ್ಡುವುದು ರೂಢಿ. ಎರಡೂ ಕಡೆಯಿಂದ ಬಂದ 220ರಲ್ಲಿ ಗೆದ್ದವನಿಗೆ ಸಲ್ಲುವುದು 210; ಉಳಿದ ಹತ್ತು ನಡೆಸುವವನದು. ನೂರರಲ್ಲಿ ಐವತ್ತು ಸಲ ಗೆದ್ದವನೂ ನಷ್ಟದಲ್ಲಿರುತ್ತಾನೆ. ಅಸಲು ಉಳಿಯಬೇಕಾದರೆ ಐವತ್ತೆರಡಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಸಮಾನತೆ ಇರುವುದು ಪಣ ಕಟ್ಟುವವರಿಬ್ಬರ ನಡುವೆ ಮಾತ್ರ; ನಡೆಸುವವನ ಮುಂದೆ ಇಬ್ಬರೂ ಸೋಲುವವರೇ.

ಹಣದ ಈ ನಷ್ಟಕ್ಕಿಂತ ಗಹನವಾದ ಕೇಡು ಬೇರೆ ಇದೆ. ಗೆಲುವಿನ ಮೇಲಣ ಪಣದಲ್ಲಿ ಆಟಗಾರನನ್ನು ಕೊಳ್ಳುವುದೆಂದರೆ ಅವನಿಂದ ಸೋಲನ್ನೇ ಕೊಳ್ಳುವುದು. ಅದಕ್ಕೆ ಅವನ ಆತ್ಮಾಭಿಮಾನ ಅಡ್ಡ ಬರುತ್ತದೆ. ಅಂತರದ ಪಣದಲ್ಲಾದರೋ, 'ನೀನು ಗೆಲ್ಲು, ಸ್ವಲ್ಪ ಕಡಿಮೆ ಗೆಲ್ಲು' ಎಂದರೆ ಸಾಕು. 1950ರಲ್ಲಿ ಒಂದೇ ಋತುವಿನಲ್ಲಿ ಎರಡು ರಾಷ್ಟ್ರೀಯ ಪಂದ್ಯಾವಳಿಗಳನ್ನು ಗೆದ್ದು ಕೀರ್ತಿ ಪಡೆದ ನ್ಯೂಯಾರ್ಕಿನ ಸಿಟಿ ಕಾಲೇಜಿನ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಹಲವರು, ಅಂತರವನ್ನು ಹಿಡಿತದಲ್ಲಿಡಲು ಹಣ ಪಡೆದಿದ್ದರೆಂಬುದು 1951ರಲ್ಲಿ ಬಯಲಾಯಿತು. 1996ರಲ್ಲಿ ಬಾಸ್ಟನ್ ಕಾಲೇಜಿನ ಫುಟ್‌ಬಾಲ್ ತಂಡದ ಹದಿಮೂರು ಆಟಗಾರರು ಪಣ ಕಟ್ಟಿದ್ದಕ್ಕಾಗಿ ಅಮಾನತಾದರು. ಅವರಲ್ಲಿ ಇಬ್ಬರು ಪಣ ಕಟ್ಟಿದ್ದು ತಮ್ಮ ತಂಡದ ವಿರುದ್ಧವೇ.

ದೂರದ ಮಾತೇಕೆ? 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳ ಸಂಬಂಧದಲ್ಲಿ ಬೆಂಗಳೂರಿನ ಪೊಲೀಸರು ಆಟಗಾರರನ್ನೂ ಬೆಳಗಾವಿಯ ಹೆಸರು ಹೊತ್ತ ತಂಡದ ಮಾಲೀಕರನ್ನೂ ಬಂಧಿಸಿದರು. ಅಂತಿಮ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟು ಬೀಸಲು ಹಣ ಸಂದಿತ್ತೆಂಬುದು ಆರೋಪಗಳಲ್ಲೊಂದು. ಆರೋಪದ ಸತ್ಯಾಸತ್ಯ ನಿರ್ಣಯವಾಗಲೇ ಇಲ್ಲ. 2022ರ ಜನವರಿ 10ರಂದು ರಾಜ್ಯದ ಉಚ್ಚ ನ್ಯಾಯಾಲಯವು ವಂಚನೆಯ ಮೊಕದ್ದಮೆಯನ್ನು ರದ್ದುಪಡಿಸಿತು. ಪ್ರೇಕ್ಷಕನು ಸ್ವಇಚ್ಛೆಯಿಂದ ಟಿಕೆಟು ಕೊಳ್ಳುತ್ತಾನಾದ್ದರಿಂದ ವಂಚನೆಯ ಕಲಮು ಅನ್ವಯಿಸದು. ಕ್ರಿಕೆಟ್ಟು ಕ್ರೀಡೆಯಾದ್ದರಿಂದ ಅದರ ಮೇಲಣ ಪಣವೂ ಪೊಲೀಸ್ ಕಾಯಿದೆಯ ಜೂಜಿನ ವ್ಯಾಖ್ಯೆಗೆ ಒಳಪಡದು ಎಂಬುದು ತೀರ್ಪಿನ ಸಾರ. ಆದರೂ ಇಂಥ ಕೃತ್ಯ ಅಪ್ರಾಮಾಣಿಕತೆಯನ್ನೂ ಮನಸ್ಸಿನ ಭ್ರಷ್ಟತೆಯನ್ನೂ ಸೂಚಿಸಬಹುದೆಂದು ನ್ಯಾಯಾಲಯವೇ ಹೇಳಿತೆಂಬುದನ್ನು ಮರೆಯಬಾರದು. ಕಲಮಿನ ಅರ್ಥವನ್ನು ಹೇಳುವುದು ನ್ಯಾಯಾಲಯದ ಕೆಲಸ. ಅದನ್ನು ಅದು ಮಾಡಿತು. ಆ ಮಾತನ್ನು ಅನುಮತಿಯೆಂದು ಓದಿಕೊಂಡರೆ ತಪ್ಪು ಓದಿದವರದು.

ಇನ್ನು ತಿಳಿವಳಿಕೆಯ ವಾದ. ಶಕುನಿಗಿಂತ ಕುಶಲನಾದ ಜೂಜುಗಾರನಾರು? ಅವನ ಆಟದಲ್ಲಿ ಅದೃಷ್ಟಕ್ಕೆ ಎಡೆಯೇ ಇರಲಿಲ್ಲ. ಆದರೂ ಅದು ದ್ಯೂತವಲ್ಲವೆಂದು ಯಾರೂ ಹೇಳಲಿಲ್ಲ. ನಮ್ಮ ಆಚಾರ್ಯರು ದ್ಯೂತವ್ಯಸನಕ್ಕೆ ದೃಷ್ಟಾಂತವಾಗಿ ಹೆಸರಿಸುವುದು ಯುಧಿಷ್ಠಿರನನ್ನು. ಧರ್ಮಜ್ಞನೆನಿಸಿದವನೇ ದೃಷ್ಟಾಂತವಾದದ್ದು, ತಿಳಿವಳಿಕೆ ಈ ವ್ಯಸನದಿಂದ ರಕ್ಷಿಸುವುದಿಲ್ಲವೆಂಬ ಎಚ್ಚರಿಕೆಯೇ ಸರಿ. ಕೌಶಲ, ಅದೃಷ್ಟಗಳ ಭೇದವನ್ನು ಹಿಡಿದು ದಶಕಗಳ ಕಾಲ ವಾದ ನಡೆದ ಮೇಲೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ, ಹಣ ಒಡ್ಡಿ ಆಡುವ ಆಟ ಯಾವುದರಿಂದ ನಡೆದರೂ ನಿಷಿದ್ಧವೆಂದಿತು. ಶ್ರಾವಕಾಚಾರವು ಈ ಭೇದವನ್ನು ಎಂದೂ ಎಣಿಸಿರಲಿಲ್ಲ.

ಕೊನೆಯದು ಒಪ್ಪಿಗೆಯ ವಾದ. ತತ್ತ್ವಾರ್ಥಸೂತ್ರವು ಅಸ್ತೇಯವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಎಂದರೆ ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು ಅಳೆಯುವುದನ್ನು, ಹೇಳುತ್ತದೆ. ತೂಕ ತಪ್ಪಿಸುವ ಅಂಗಡಿಗೂ ಗಿರಾಕಿ ಸ್ವಇಚ್ಛೆಯಿಂದಲೇ ಬರುತ್ತಾನೆ. ಅವನ ಒಪ್ಪಿಗೆ ವ್ಯಾಪಾರಿಯನ್ನು ನಿರ್ದೋಷಿಯಾಗಿಸುವುದಿಲ್ಲ. ಇಪ್ಪತ್ತು ರನ್ನು ಹೊಡೆಯಬಲ್ಲವನು ಹಣ ಪಡೆದು ಹತ್ತು ಹೊಡೆದರೆ ಅದೂ ಕಳ್ಳ ಅಳತೆಯೇ. ಮನೆಯಲ್ಲಿ ಕುಳಿತು ಪಣ ಕಟ್ಟಿದವನು ಆ ಅಳತೆಯನ್ನು ಕೈಯಾರೆ ಮಾಡಲಿಲ್ಲ, ನಿಜ. ಆದರೆ ಅದಕ್ಕೊಂದು ಬೆಲೆ ಬಂದದ್ದು ಅವನಂಥ ಸಾವಿರಾರು ಮಂದಿಯ ಹಣದಿಂದ. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಅವನು ಹೊರಗುಳಿಯುವುದು ಹೇಗೆ?

ದ್ಯೂತಕ್ಕೆ ಅಗ್ರಸ್ಥಾನವೇಕೆಂಬುದು ಈಗ ಸ್ಪಷ್ಟವಾದೀತು. ಅದು ಬರಿಯ ಧನನಾಶದ ವ್ಯಸನವಲ್ಲ. ಇನ್ನೊಬ್ಬರ ಪ್ರಾಮಾಣಿಕತೆಯನ್ನು ಮಾರಾಟದ ಸರಕಾಗಿಸಿ, ಕಳವಿಗೂ ಸುಳ್ಳಿಗೂ ಬಾಗಿಲು ತೆರೆಯುವಂಥದು. ಆ ತರುಣ ನನ್ನ ಮಾತಿಗೆ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಹೊರಡುವಾಗ ಒಂದನ್ನು ಮಾತ್ರ ಒಪ್ಪಿಕೊಂಡ: ಪಣ ಕಟ್ಟತೊಡಗಿದ ಮೇಲೆ ಒಳ್ಳೆಯ ಹೊಡೆತವೊಂದನ್ನು ಕಂಡು ಮೊದಲಿನಂತೆ ಸಂತೋಷಪಟ್ಟದ್ದು ತನಗೆ ನೆನಪಿಲ್ಲವೆಂದು. ವಿವೇಕದ ಮೊದಲ ಹೆಜ್ಜೆಗೆ ಅಷ್ಟು ಸಾಕು.