ರಫ್ತಿನ ಏಳುಬೀಳು: ಭದ್ರಾತೀರದಿಂದ ಒಂದು ವಿಮರ್ಶೆ

ಹಿಂದುಳಿದ ದೇಶಗಳ ರಫ್ತು ಏಕೆ ಕುಂಠಿತವಾಗುತ್ತದೆಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ರಾವುಲ್ ಪ್ರೆಬಿಷ್ ಮೊದಲಾದವರು 1950ರ ಸುಮಾರಿಗೆ ದೋಷವನ್ನು ಹೊರಗಿನ ಬೇಡಿಕೆಯಲ್ಲಿ ಕಂಡರು. ಕೈಗಾರಿಕಾ ವಸ್ತುಗಳ ಬೆಲೆಗೆ ಹೋಲಿಸಿದರೆ ಕಚ್ಚಾಸಾಮಗ್ರಿಗಳ ಬೆಲೆ ಕಾಲಕ್ರಮದಲ್ಲಿ ಕುಸಿಯುತ್ತದೆಂಬುದು ಅವರ ವಾದ. ಮನಮೋಹನ ಸಿಂಗರಾದರೋ, ಭಾರತದ ರಫ್ತನ್ನು ಕುರಿತು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೃಷ್ಟಿಯನ್ನು ಒಳಕ್ಕೆ ತಿರುಗಿಸಿದರು. 1950ರಲ್ಲಿ ವಿಶ್ವ ರಫ್ತಿನ ಸುಮಾರು ಶೇಕಡ 2ರಷ್ಟಿದ್ದ ಭಾರತದ ಪಾಲು ಹತ್ತು ವರ್ಷಗಳಲ್ಲಿ ಶೇಕಡ 1ರ ಸಮೀಪಕ್ಕಿಳಿಯಲು ನಮ್ಮ ನೀತಿಗಳೂ ಕಾರಣವೆಂದು ಅವರು ತೋರಿಸಿದರು. ಈ ವಾದ ಮೂಲತಃ ಸಮೀಚೀನವಾದುದು. ಆದರೆ ‘ಒಳಗಣ ಕಾರಣ’ವೆಂದರೆ ಸರ್ಕಾರದ ನೀತಿಯೊಂದೇ ಎಂದು ತಿಳಿಯುವುದು ಸಾಲದೆಂಬುದಕ್ಕೆ ಭದ್ರಾನದಿಯ ತೀರವೇ ಸಾಕ್ಷಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿದಾಗ ಯುದ್ಧಾನಂತರದ ಬೆಲೆಕುಸಿತ ಅದನ್ನು ಎದುರುಗೊಂಡಿತು. ಪ್ರೆಬಿಷ್ ಪಂಥದವರಿಗೆ ಇಷ್ಟೇ ಸಾಕು. ಆದರೆ ಕೆಮ್ಮಣ್ಣುಗುಂಡಿಯ ಅದಿರು ಹತ್ತಿರವಿದ್ದರೂ ಕಲ್ಲಿದ್ದಲು ಹತ್ತಿರವಿರಲಿಲ್ಲ. ಮಲೆನಾಡಿನ ಮರವೇ ಇದ್ದಿಲಾಗಬೇಕಾಯಿತು. ಬಂದರಿನ ದಾರಿಗೆ ಘಟ್ಟ ಅಡ್ಡವಾಗಿತ್ತು. ಇವು ಬೇಡಿಕೆಯ ದೋಷಗಳಲ್ಲ, ನೀತಿಯ ದೋಷಗಳೂ ಅಲ್ಲ. ಉತ್ಪಾದನಾ ವೆಚ್ಚದ ಸಂಗತಿಗಳು. ವಿಶ್ವೇಶ್ವರಯ್ಯನವರು ಆಡಳಿತವನ್ನು ವಹಿಸಿಕೊಂಡು ಹೋರಾಡಿದುದು ಈ ವೆಚ್ಚದೊಡನೆಯೇ.

ಕಾಗದನಗರದ ಪಾಠವೂ ಇದೇ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯ ಸುದ್ದಿಕಾಗದಕ್ಕೆ ಸ್ವದೇಶದ ರಕ್ಷಿತ ಪೇಟೆಯೇ ಆಧಾರವಾಗಿತ್ತು. 1990ರ ದಶಕದಲ್ಲಿ ಆಮದಿನ ಬಾಗಿಲು ತೆರೆಯಿತು. ಹೊರನಾಡಿನ ಸರಕನ್ನು ತನ್ನ ಮನೆಯಂಗಳದಲ್ಲಿಯೇ ಎದುರಿಸಲಾಗದ ಕಾರ್ಖಾನೆ ಹೊರನಾಡಿನ ಪೇಟೆಯನ್ನು ಗೆಲ್ಲುವುದೆಂತು? 2015-16ರಲ್ಲಿ ಅದರ ಯಂತ್ರಗಳು ನಿಂತಾಗ ನಿಂತುದು ಒಂದು ಊರಿನ ಜೀವನೋಪಾಯ.

ಇನ್ನು ಇದೇ ನದಿಯ ಉಗಮದ ಸೀಮೆಯಾದ ಕುದುರೆಮುಖವನ್ನು ನೋಡೋಣ. ಅಲ್ಲಿಯ ಗಣಿ 1976ರಲ್ಲಿ ಸ್ಥಾಪಿತವಾದುದು ರಫ್ತಿಗೆಂದೇ. ಅದಿರಿನ ರಾಡಿಯನ್ನು 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿಗೆ ಹರಿಸುವ ಏರ್ಪಾಡು ಸಿದ್ಧವಾಯಿತು. ಬಂದರಿನ ತೊಡಕು ತೀರಿತು. ಆದರೆ ಸಾಲವನ್ನೂ ಕೊಳ್ಳುವ ಭರವಸೆಯನ್ನೂ ಕೊಟ್ಟಿದ್ದ ದೇಶ ಇರಾನ್ ಒಂದೇ. 1979ರ ಕ್ರಾಂತಿಯೊಡನೆ ಆ ಗಿರಾಕಿ ಕೈತಪ್ಪಿತು. ಬೇರೆ ಗಿರಾಕಿಗಳನ್ನು ಅರಸಬೇಕಾಯಿತು. 1987ರಲ್ಲಿ ಅದಿರನ್ನು ಉಂಡೆಗಟ್ಟುವ ಘಟಕವನ್ನು ಮಂಗಳೂರಿನಲ್ಲಿ ಆರಂಭಿಸಲಾಯಿತು. ಹೀಗೆ ಚೇತರಿಸಿಕೊಂಡ ಉದ್ಯಮವನ್ನು ಕಡೆಗೆ ನಿಲ್ಲಿಸಿದುದು ಬೇಡಿಕೆಯ ಅಭಾವವಲ್ಲ. ಅರಣ್ಯರಕ್ಷಣೆಯ ಕಾರಣದಿಂದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿತ್ತ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ಮುಗಿಯಿತು. ಕಾಡು ಮತ್ತು ನದಿ ತೆತ್ತ ಬೆಲೆ ರಫ್ತಿನ ಲೆಕ್ಕದಲ್ಲಿ ಅದುವರೆಗೆ ಸೇರಿರಲಿಲ್ಲ.

ಆದ್ದರಿಂದ ರಫ್ತಿನ ಸಾಧನೆಯನ್ನು ಅಳೆಯುವಾಗ ‘ಎಷ್ಟು ಕಳುಹಿಸಿದೆವು’ ಎಂದು ಕೇಳಿದರೆ ಸಾಲದು. ಯಾವ ವೆಚ್ಚದಲ್ಲಿ ಉತ್ಪಾದಿಸಿದೆವು, ಎಷ್ಟು ಮಂದಿ ಗಿರಾಕಿಗಳನ್ನು ನೆಚ್ಚಿದೆವು, ಆ ವೆಚ್ಚದಲ್ಲಿ ಯಾವ ಭಾಗವನ್ನು ಕಾಡಿನ ಹೆಸರಿಗೆ ಬರೆದು ಮರೆತೆವು ಎಂಬುದನ್ನೂ ಕೇಳಬೇಕು. ಸಿಂಗರ ಗ್ರಂಥ ಮೊದಲ ಪ್ರಶ್ನೆಯ ಕಡೆಗೆ ನಮ್ಮನ್ನು ತಿರುಗಿಸಿತು. ಕೊನೆಯ ಪ್ರಶ್ನೆಯನ್ನು ಭದ್ರಾತೀರದ ಅನುಭವದಿಂದ ನಾವೇ ಸೇರಿಸಿಕೊಳ್ಳಬೇಕಾಗಿದೆ.