ಗಾಜಿನ ನಡುವೆ ನೀರು ಬರೆದ ಗೆರೆಗಳು

ಮಿಲ್ಟನ್ ವ್ಯಾನ್ ಡೈಕ್ 1982ರಲ್ಲಿ ಹೊರತಂದ ‘ಆನ್ ಆಲ್ಬಮ್ ಆಫ್ ಫ್ಲೂಯಿಡ್ ಮೋಷನ್’ ಪುಸ್ತಕವನ್ನು ತೆರೆದಾಗಲೆಲ್ಲ ನಾನು ಮೊದಲ ಚಿತ್ರದಲ್ಲೇ ನಿಂತುಬಿಡುತ್ತೇನೆ. 1 ಮಿಲಿಮೀಟರ್ ಅಂತರದಲ್ಲಿ ಎರಡು ಗಾಜಿನ ಹಲಗೆಗಳು. ನಡುವೆ ಸೆಕೆಂಡಿಗೆ 1 ಮಿಲಿಮೀಟರಿನಷ್ಟೇ ಸಾಗುವ ನೀರು. ದಾರಿಗೆ ಅಡ್ಡವಾಗಿ ಒಂದು ದುಂಡು ಬಿಲ್ಲೆ. ನೀರಿಗೆ ಸಾಲಾಗಿ ಬಣ್ಣದ ಎಳೆಗಳನ್ನು ಬಿಟ್ಟಿದ್ದಾರೆ, ಅಷ್ಟೇ. ಆ ಎಳೆಗಳ ನಡಿಗೆಯನ್ನು ನೋಡಬೇಕು!

ಮಗ್ಗಕ್ಕೆ ಹಾಸು ಹೂಡಿದಂತೆ ನೇರವಾಗಿ, ಒಂದರ ಪಕ್ಕ ಒಂದು ಬರುತ್ತವೆ. ಬಿಲ್ಲೆ ಇನ್ನೂ ದೂರವಿರುವಾಗಲೇ ಅದರ ಸುಳಿವು ಸಿಕ್ಕವರಂತೆ ಮೆಲ್ಲಗೆ ಬಾಗತೊಡಗುತ್ತವೆ. ಪಕ್ಕಗಳಲ್ಲಿ ಒತ್ತೊತ್ತಾಗಿ ನುಸುಳಿ, ದಾಟಿದ ಮೇಲೆ ಸಡಿಲಗೊಂಡು, ಏನೂ ನಡೆದೇ ಇಲ್ಲವೆಂಬಂತೆ ತಂತಮ್ಮ ಸಾಲಿಗೆ ಮರಳುತ್ತವೆ.

ಇವೇ ಧಾರಾರೇಖೆಗಳು. ಗೆರೆಯ ಯಾವ ಬಿಂದುವಿನಲ್ಲಿ ಸ್ಪರ್ಶಕ ಎಳೆದರೂ ಅದು ಆ ಕ್ಷಣ ಅಲ್ಲಿನ ನೀರು ಹೊರಟ ದಿಕ್ಕು. ಎರಡು ಗೆರೆಗಳು ಕತ್ತರಿಸಿದರೆ ಒಂದೇ ಹನಿ ಏಕಕಾಲಕ್ಕೆ ಎರಡು ಕಡೆ ಹೊರಡಬೇಕಾದೀತು. ಹಾಗಾಗಿ ಅವು ಕತ್ತರಿಸುವುದಿಲ್ಲ. ಎರಡು ಗೆರೆಗಳ ನಡುವಿನ ಓಣಿಯನ್ನು ಹೊಕ್ಕ ನೀರು ಆ ಓಣಿಯಲ್ಲೇ ಹರಿಯಬೇಕು. ಓಣಿ ಕಿರಿದಾದಲ್ಲಿ ಓಟ ಹೆಚ್ಚಲೇಬೇಕು. ಲೆಕ್ಕದ ಪ್ರಕಾರ ದುಂಡು ಬಿಲ್ಲೆಯ ಎರಡು ಮಗ್ಗುಲುಗಳಲ್ಲಿ ವೇಗ ಸರಿಯಾಗಿ 2 ಪಟ್ಟು. ನಟ್ಟನಡುವೆ ಬಂದ ಗೆರೆಯದು ಮಾತ್ರ ಬೇರೆ ಕತೆ. ಅದು ಬಿಲ್ಲೆಯ ಮೂತಿಗೆ ತಾಗುವಲ್ಲಿ ವೇಗ ಸೊನ್ನೆ. ದಿಕ್ಕೇ ಉಳಿಯದ ಆ ಬಿಂದುವಿನಲ್ಲಷ್ಟೇ ಗೆರೆಗೆ ಕವಲೊಡೆಯುವ ಸ್ವಾತಂತ್ರ್ಯ.

ಇನ್ನೊಂದು ಸೂಕ್ಷ್ಮವಿದೆ. ಊದುಬತ್ತಿಯ ಹೊಗೆಯೆಳೆ ಒಂದೇ ತುದಿಯಿಂದ ಹೊರಟ ಕಣಗಳ ಮೆರವಣಿಗೆ. ಹೊಳೆಯಲ್ಲಿ ತೇಲುವ ಎಲೆಯ ದಾರಿ ಒಂದೇ ಪಯಣಿಗನ ಚರಿತ್ರೆ. ಧಾರಾರೇಖೆಯಾದರೋ ಇಡೀ ಹರಿವಿನ ಈ ಒಂದು ಕ್ಷಣ. ಹರಿವು ಬದಲಾಗುತ್ತಿದ್ದರೆ ಮೂರೂ ಬೇರೆ ಬೇರೆ. ಬದಲಾಗದ ಹರಿವಿನಲ್ಲಿ ಮೂರೂ ಒಂದೇ ಗೆರೆ. ಈ ಚಿತ್ರದಲ್ಲಿ ಬಣ್ಣ ನಡೆದ ದಾರಿಯೂ ನೀರಿನ ಈ ಕ್ಷಣದ ಮನಸ್ಸೂ ಒಂದಾಗಿವೆ. ಅದರ ನೆಮ್ಮದಿಯ ಗುಟ್ಟು ಅಲ್ಲಿದೆ.

ಆದರೂ ಹೊಳೆಯನ್ನು ಬಲ್ಲವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಬಂಡೆಯ ಹಿಂದೆ ಸುಳಿ ಇರಬೇಕಲ್ಲ? ಹೌದು. ನೀರಿಗೆ ಅಂಟುಗುಣವಿದೆ, ಬಂಡೆಯ ಮೈ ಸವರಿದ ನೀರು ವೇಗ ಕಳೆದುಕೊಂಡು, ಹಿಂದೆ ಕೂಡಿಕೊಳ್ಳಲಾರದೆ ಸುಳಿಯಾಗುತ್ತದೆ. ಹೀಗೆ ಗಾಯವಿಲ್ಲದೆ ಕೂಡಿಕೊಳ್ಳುವುದು ಅಂಟೇ ಇಲ್ಲದ ಆದರ್ಶ ದ್ರವದ ಗುಣ, ಅದು ಇರುವುದು ಗಣಿತದ ಹಾಳೆಯ ಮೇಲೆ. ಅಂಥ ದ್ರವ ಅಡ್ಡ ಬಂದ ವಸ್ತುವನ್ನು ಒಂದಿಷ್ಟೂ ಎಳೆದೊಯ್ಯದು ಎಂದು 18ನೇ ಶತಮಾನದಲ್ಲೇ ಫ್ರಾನ್ಸಿನ ಡಾಲಂಬೇರ್ ತೋರಿಸಿ ತಾನೇ ಬೆರಗಾಗಿದ್ದ. ಚಿತ್ರ ಅದನ್ನೇ ಹೇಳುತ್ತದೆ: ಮುಂದು ಹಿಂದು ಒಂದೇ ರೂಪ, ನೀರು ಯಾವ ಕಡೆಯಿಂದ ಬಂತೆಂದು ಗುರುತಿಸಲಾಗದು.

ಹಾಗಾದರೆ ನಿಜವಾದ ನೀರು ಇದನ್ನು ಬರೆದದ್ದು ಹೇಗೆ? 1898ರಲ್ಲಿ, ಲಿವರ್‌ಪೂಲ್‌ನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೆನ್ರಿ ಹೀಲಿ-ಷಾ ಗಾಜಿನ ಹಲಗೆಗಳನ್ನು ತೀರ ಹತ್ತಿರ ತಂದು ಇಂಥ ಚಿತ್ರಗಳನ್ನು ಲೋಕಕ್ಕೆ ತೋರಿಸಿದ. ಆ ಇಕ್ಕಟ್ಟಿನಲ್ಲಿ ಅಂಟಿನದೇ ರಾಜ್ಯಭಾರ. ನೀರಿಗೆ ಮುನ್ನುಗ್ಗುವ ಜಡತ್ವವೇ ಉಳಿಯುವುದಿಲ್ಲ. ಒತ್ತಡ ಎತ್ತ ಇಳಿಯುತ್ತದೋ ಅತ್ತ, ಇಳಿದಷ್ಟೇ ಹರಿಯುತ್ತದೆ. ಆ ವಿಧೇಯತೆಯ ಸಮೀಕರಣವೂ ಆದರ್ಶ ದ್ರವದ ಸಮೀಕರಣವೂ ಒಂದೇ ಎಂದು ಅದೇ ವರ್ಷ ಸಾಧಿಸಿ ತೋರಿಸಿದವನು ಎಂಬತ್ತರ ಹೊಸ್ತಿಲಲ್ಲಿದ್ದ ಜಾರ್ಜ್ ಸ್ಟೋಕ್ಸ್. ಬಿಲ್ಲೆಯ ಅಂಚಿನ ತೆಳುಪಟ್ಟಿಯೊಂದನ್ನು ಬಿಟ್ಟರೆ ಗೆರೆಗೆ ಗೆರೆ ಹೊಂದುತ್ತದೆ.

ಅಂಟುವ ದ್ರವಗಳ ನಿಯಮಕ್ಕೆ ಇಂದಿಗೂ ಸ್ಟೋಕ್ಸನ ಹೆಸರಿದೆ. ಅಂಟಿಲ್ಲದ ನೀರಿನ ಭಾವಚಿತ್ರವನ್ನು ಅಂಟೇ ತುಂಬಿದ ನೀರು ತಪ್ಪಿಲ್ಲದೆ ಬರೆದಿದೆ ಎಂದು ಅದಕ್ಕೆ ಸಾಕ್ಷಿ ನುಡಿದವನೂ ಅವನೇ. ಪುಟ ತಿರುಗಿಸಲು ನನಗೆ ಇನ್ನೂ ಮನಸ್ಸಾಗುತ್ತಿಲ್ಲ.