ಕಡಲಿಗಿಳಿಯುವ ಓತಿ

ನಮ್ಮ ಬೇಲಿಯ ಓತಿಕ್ಯಾತ ಗೊತ್ತಲ್ಲ ಮಕ್ಕಳೇ? ಅದರ ದೂರದ ನೆಂಟ ಇಗುವಾನಾ. ಅದರಲ್ಲೂ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಕಡಲ ಇಗುವಾನಾ ಎಂದರೆ ನನಗೆ ಎಲ್ಲಿಲ್ಲದ ಅಕ್ಕರೆ. ಇಂದಿನ ಹಲ್ಲಿ, ಓತಿಗಳ ಬಳಗದಲ್ಲಿ ಸಮುದ್ರಕ್ಕೆ ಧುಮುಕಿ ಮೇಯುವುದು ಇದೊಂದೇ. ಚಪ್ಪಟೆ ಬಾಲ ಬಳುಕಿಸುತ್ತ ಈಜುತ್ತದೆ. ಉದ್ದನೆಯ ಉಗುರುಗಳಿಂದ ಬಂಡೆಯನ್ನು ಅವುಚಿ ಹಿಡಿದು, ಮೊಂಡು ಮೂತಿಯನ್ನು ಕಲ್ಲಿಗೆ ಒತ್ತಿ, ಮೂರು ಮೊನೆಯ ಪುಟ್ಟ ಹಲ್ಲುಗಳಿಂದ ಪಾಚಿ ಕೆರೆಯುತ್ತದೆ. ಎಂಥ ನಾಜೂಕು! ತಣ್ಣೀರಿನಲ್ಲಿ ಮೈ ಮರಗಟ್ಟುವ ಮೊದಲೇ ಮೇಲೆ ಬಂದು ಲಾವಾ ಬಂಡೆಯ ಮೇಲೆ ಬೋರಲು ಮಲಗುತ್ತದೆ. ಕಪ್ಪು ಚರ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. ಆಮೇಲೊಂದು ಸೀನು, ‘ಫುಸ್’! ನೆಗಡಿಯಲ್ಲ, ಊಟದ ಜೊತೆ ಒಳಸೇರಿದ ಉಪ್ಪನ್ನು ಮೂಗಿನಿಂದ ಚಿಮ್ಮಿಸುವ ಪರಿ. ಆ ಹನಿಗಳು ತಲೆಯ ಮೇಲೇ ಬಿದ್ದು ಒಣಗಿ, ಬಿಳಿ ಟೋಪಿಯಂತೆ ಕೂರುತ್ತವೆ.